ಧನರಾಜ್ ಪಿಳ್ಳೈ ಅವರ ಎಡಗೈ

ಚಿಕ್ಕಂದಿನಲ್ಲಿ ಮೆಚ್ಚಿದ ಆಟಗಾರರ ಚಿತ್ರ ಯಾರಾದರೂ ಬರೆದಿದ್ದೀರಾ, ಬರೆದಿದ್ದರೆ ಯಾವ ಕ್ಷಣ ಆರಿಸಿಕೊಂಡಿರಿ ಎಂದು ಕೇಳಿದ್ದೀರಿ. ನಾನು ಬರೆದದ್ದು ಹಾಕಿ ಆಟಗಾರ ಧನರಾಜ್ ಪಿಳ್ಳೈ ಅವರನ್ನು. ಚೆಂಡು ಸ್ಟಿಕ್ಕಿನ ಬಳಿಯೇ ಇದೆ, ಉದ್ದ ಕೂದಲು ಹಿಂದಕ್ಕೆ ಹಾರಿದೆ, ಎದುರಾಳಿಯ ಗೋಲಿನ ಮುಂದಿನ ಅರ್ಧವೃತ್ತಕ್ಕೆ, ಅಂದರೆ ‘ಡಿ’ಗೆ, ಇನ್ನೂ ಕೆಲವು ಹೆಜ್ಜೆ ಬಾಕಿ. ಗೋಲು ಇನ್ನೂ ಆಗಿಲ್ಲ.

ಕಲಬುರಗಿಯ ನಮ್ಮ ಓಣಿಯಲ್ಲಿ ಹುಡುಗರೆಲ್ಲ ಆಡುತ್ತಿದ್ದದ್ದು ಕ್ರಿಕೆಟ್ಟೇ. ನನಗೆ ಹಾಕಿಯ ಹುಚ್ಚು ಹಿಡಿದದ್ದು 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ. 1966ರ ಮೇಲೆ 32 ವರ್ಷಕ್ಕೆ ಭಾರತಕ್ಕೆ ಹಾಕಿ ಚಿನ್ನ ಬಂತು, ನಾಯಕ ಧನರಾಜ್. ಫೈನಲ್‌ನಲ್ಲಿ ಕೊರಿಯಾದವರ ಪೆನಾಲ್ಟಿ ತಡೆದವರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ಇಷ್ಟೆಲ್ಲ ಆಗಿ, ಪಾಕಿಸ್ತಾನದ ವಿರುದ್ಧ ನಡೆದ ಮುಂದಿನ ಸರಣಿಗೆ ಆ ನಾಯಕನನ್ನೇ ಕೈಬಿಟ್ಟರು! ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಆಗಿನಿಂದ ಪೇಪರಿನಲ್ಲಿ ಅವರ ಫೋಟೊ ಬಂದರೆ ಸಾಕು, ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. ಪುಣೆ ಹತ್ತಿರದ ಖಡಕಿಯಲ್ಲಿ ಮುರಿದ ಸ್ಟಿಕ್ಕು, ಬಿಸಾಡಿದ ಚೆಂಡು ಹಿಡಿದು ಮಣ್ಣಿನ ಅಂಗಳದಲ್ಲಿ ಕಲಿತವರು ಅವರು. ಹಿರಿಯ ಹಾಕಿ ಆಟಗಾರ ಮೊಹಮ್ಮದ್ ಶಾಹಿದ್ ಆಟ ನೋಡಿ ನೋಡಿ ಹಾಗೇ ಆಡಲು ಹೊರಟವರು. ನಾನು ಆರಾಧಿಸುವವರೂ ಹುಡುಗರಿದ್ದಾಗ ಇನ್ನೊಬ್ಬರನ್ನು ಹೀಗೇ ಕಣ್ಣರಳಿಸಿ ನೋಡಿದ್ದರು ಎಂದು ಓದಿದಾಗ ಅವರು ನನಗೆ ಇನ್ನಷ್ಟು ಹತ್ತಿರವಾದರು.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪೋಲೆಂಡ್ ವಿರುದ್ಧ ಗೆದ್ದಿದ್ದರೆ ಸೆಮಿಫೈನಲ್. ಕೊನೇ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು ಪಂದ್ಯ 1-1 ಆಯಿತು. ಧನರಾಜ್ ಅತ್ತರು, ನಾನೂ ಅತ್ತೆ. ಮುಂದಿನ ಬೇಸಿಗೆ ರಜೆಯಲ್ಲಿ ಚಿತ್ರಕ್ಕೆ ಕೂತೆ.

ನಮ್ಮ ಕಡೆ ಮೇ ತಿಂಗಳಲ್ಲಿ ಪೋಸ್ಟರ್ ಕಲರ್ ಬಳಸುವುದೇ ಒಂದು ಪಾಡು. ತಟ್ಟೆಯಲ್ಲಿ ಕಲಸಿದ ಬಣ್ಣ ಕುಂಚ ಎತ್ತುವಷ್ಟರಲ್ಲಿ ಒಣಗುತ್ತದೆ. ಶಹಾಬಾದ್ ಕಲ್ಲಿನ ಪರಸಿ ಮೇಲೆ ಹಾಳೆ ಹಾಸಿ, ನಸುಕಿನಲ್ಲೇ ಎದ್ದು ಬರೆಯುತ್ತಿದ್ದೆ. ನನಗೆ ಆಗ ಗೊತ್ತಿದ್ದ ದೊಡ್ಡ ಚಿತ್ರಕಾರರೆಂದರೆ ಇದೇ ಊರಿನಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು. ಕ್ಯಾಲೆಂಡರಿನ ಅವರ ದೇವರುಗಳ ಕೆನ್ನೆ, ಭುಜಗಳ ಮೇಲೆ ಬೆಳಕು ಬೀಳುವ ರೀತಿ ನೋಡಿಯೇ ನಾನು ಮೈಬಣ್ಣ ಕಲಿತೆ. ಆದರೆ ಪಂಡಿತರ ವೀರರು ತುಂಬು ಮೈಯವರು, ಧನರಾಜ್ ಸಣಕಲು. ಅವರ ಬಲವೆಲ್ಲ ವೇಗದಲ್ಲಿ ಮತ್ತು ಮಣಿಕಟ್ಟಿನಲ್ಲಿ.

ಹಾಕಿ ಸ್ಟಿಕ್ಕಿಗೆ ಒಂದೇ ಮಗ್ಗುಲು ಚಪ್ಪಟೆ, ಹಿಂದಿನದು ಉಬ್ಬು. ಉಬ್ಬಿನಿಂದ ಚೆಂಡು ಮುಟ್ಟಿದರೆ ಫೌಲ್. ಹಾಗಾಗಿ ಚೆಂಡನ್ನು ಎಡಕ್ಕೂ ಬಲಕ್ಕೂ ಎಳೆದಾಡಬೇಕಾದರೆ ಸ್ಟಿಕ್ಕನ್ನು ಪ್ರತಿ ಸಲ ಮಗುಚಬೇಕು. ಮಗುಚುವುದು ಮೇಲಿರುವ ಎಡಗೈ. ಕೆಳಗಿನ ಬಲಗೈ ಸಡಿಲವಾಗಿ, ಸ್ಟಿಕ್ಕು ತಿರುಗಲು ಬಿಟ್ಟುಕೊಡುತ್ತದೆ. ಟಿ.ವಿ.ಯಲ್ಲಿ ಇದು ಕಣ್ಣಿಗೆ ಸಿಗದಷ್ಟು ಬೇಗ ಮುಗಿಯುತ್ತದೆ, ಪೇಪರಿನ ಫೋಟೊದಲ್ಲಿ ಪೂರ್ತಿ ಸತ್ತುಹೋಗಿರುತ್ತದೆ. ಅಮ್ಮನ ಲಟ್ಟಣಿಗೆ ಹಿಡಿದು ಕನ್ನಡಿ ಮುಂದೆ ಬಗ್ಗಿ ನಿಂತು, ತಿರುಗುವ ಅರ್ಧದಲ್ಲಿ ನಿಲ್ಲಿಸಿ, ನನ್ನ ಕೈಯನ್ನೇ ನೋಡಿ ಬರೆದೆ. ಮಣಿಕಟ್ಟು ಒಳಕ್ಕೆ ಹೊರಳಿದೆ, ಗಿಣ್ಣುಗಳು ಬಿಳಿಚಿವೆ, ಬಲಗೈ ಬೆರಳುಗಳ ನಡುವೆ ಸಂದಿ ಕಾಣುತ್ತದೆ. ಮುಖಕ್ಕೆ ಅಷ್ಟು ಹೊತ್ತು ಹಿಡಿಯಲಿಲ್ಲ.

ಕಾಕಾ ಬಂದು ನೋಡಿ, “ಚಂದ ತೆಗ್ದಿ ತಮ್ಮಾ, ಕೊರಳಾಗ ಒಂದು ಪದಕಾ ಹಾಕಬೇಕಿತ್ತು” ಅಂದರು.

“ಪದಕಾ ಹಾಕ್ಕೊಂಡು ಯಾರ್ ಓಡತಾರ್ ಕಾಕಾ?” ಅಂದೆ.

1992ರಿಂದ 2004ರವರೆಗೆ ನಾಲ್ಕು ಒಲಿಂಪಿಕ್ಸ್ ಆಡಿದರೂ ಅವರಿಗೆ ಒಂದು ಪದಕವೂ ಸಿಗಲಿಲ್ಲ. ಪದಕದ ಪಟ್ಟಿ ನೋಡಿ ಆಟಗಾರರನ್ನು ಅಳೆಯುವವರಿಗೆ ನಾನು ಆ ಚಿತ್ರ ತೋರಿಸುತ್ತೇನೆ. ನೀವೂ ಹಾಕಿ ಆಟಗಾರರ ಚಿತ್ರ ಬರೆಯುವವರಿದ್ದರೆ, ವಿಡಿಯೊ ನಿಧಾನ ಮಾಡಿಕೊಂಡು ಮೊದಲು ಎರಡು ಕೈಗಳನ್ನಷ್ಟೇ ಬೇರೆ ಹಾಳೆಯಲ್ಲಿ ಬರೆದು ನೋಡಿ. ಕೈ ಸರಿ ಕೂತರೆ ಭುಜ, ಸೊಂಟ, ಮುಂದಿನ ಕಾಲು ಎಲ್ಲಿರಬೇಕು ಎನ್ನುವುದು ಅಲ್ಲಿಂದಲೇ ತಿಳಿಯುತ್ತದೆ.