ಹತ್ತೊಂಬತ್ತು ದಿನ ನಡೆದದ್ದು ಇಪ್ಪತ್ತನೇ ದಿನ ಯಾಕೆ ನಿಂತಿತು?

ಪ್ರಶ್ನೆ: ನನಗೆ 29 ವರ್ಷ. ನೆಲಮಂಗಲದಲ್ಲಿ ಮನೆ, ಮೆಜೆಸ್ಟಿಕ್ ಹತ್ತಿರ ಕೆಲಸ, ಓಡಾಟ ಬಸ್ಸಿನಲ್ಲಿ. ಹೊಸ ವರ್ಷಕ್ಕೊಮ್ಮೆ, ಯುಗಾದಿಗೊಮ್ಮೆ ಪಟ್ಟಿ ಮಾಡುತ್ತೇನೆ. ಐದು ಗಂಟೆಗೆ ಏಳುವುದು, ವಾಕಿಂಗ್, ಧ್ಯಾನ, ದಿನಕ್ಕೆ ಇಪ್ಪತ್ತು ಪುಟ ಓದು, ರಾತ್ರಿ ಡೈರಿ. 21 ದಿನ ಬಿಡದೆ ಮಾಡಿದರೆ ರೂಢಿಯಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಈ ಸಲ 19 ದಿನ ಮಾಡಿದೆ. ಅಷ್ಟರಲ್ಲಿ ಊರಹಬ್ಬ ಬಂತು, ಎರಡು ದಿನ ತಪ್ಪಿತು. ಆಮೇಲೆ ಶುರು ಮಾಡಲು ಮನಸ್ಸೇ ಬರಲಿಲ್ಲ. ನನಗೆ ಮನೋಬಲವೇ ಇಲ್ವಾ?

ಉತ್ತರ: ಮನೋಬಲದ ಮಾತು ಸ್ವಲ್ಪ ಪಕ್ಕಕ್ಕಿಡಿ. ಆ 21 ದಿನದ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಆಪರೇಷನ್ ಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ತಮ್ಮದೇ ಅನ್ನಿಸಲು ಕಡಿಮೆಯೆಂದರೂ 21 ದಿನ ಹಿಡಿಯುತ್ತದೆ ಎಂದು 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ ಆ 'ಕಡಿಮೆಯೆಂದರೂ' ಬಿದ್ದುಹೋಯಿತು. ಮುಖದ ಮಾತು ಹೋಗಿ ವಾಕಿಂಗು, ಧ್ಯಾನಗಳ ಮಾತಾಯಿತು.

ನಿಜವಾಗಿ ಅಳೆದು ನೋಡಿದವರು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು. ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಜನರಿದ್ದರು. ಒಬ್ಬೊಬ್ಬರೂ ಒಂದೊಂದೇ ಹೊಸ ಕೆಲಸ ಆರಿಸಿಕೊಂಡು 12 ವಾರ ಮಾಡಿದರು. ಕೆಲವರದು ಒಂದು ಲೋಟ ನೀರು, ಕೆಲವರದು ಊಟದ ಜೊತೆ ಹಣ್ಣು, ಇನ್ನು ಕೆಲವರದು ವ್ಯಾಯಾಮ. ಯೋಚಿಸದೆಯೇ ಆ ಕೆಲಸ ತಾನಾಗಿ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕು ಎಂದು ಲೆಕ್ಕ ಸಿಕ್ಕಿತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕು (12 ವಾರದ ಆಚೆಯದು ಅಂದಾಜಿನ ಲೆಕ್ಕ). ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಹಿಡಿಯಿತು, ವ್ಯಾಯಾಮಕ್ಕೆ ಜಾಸ್ತಿ ಸಮಯ ಬೇಕಾಯಿತು. ನಿಮಗೆ ಬೇಕಾದ ಮಾತು ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೂ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ.

ಅಂದಮೇಲೆ ಊರಹಬ್ಬಕ್ಕೆ ಹೋಗಿ ಬಂದದ್ದು ನಿಮ್ಮ ರೂಢಿಯನ್ನು ಕೆಡಿಸಲಿಲ್ಲ. ಹಬ್ಬದ ಮರುದಿನ 'ಎಲ್ಲ ಹಾಳಾಯ್ತು, ಇನ್ನು ಮುಂದಿನ ಯುಗಾದಿಗೇ' ಅಂದುಕೊಂಡಿರಲ್ಲ, ಕೆಡಿಸಿದ್ದು ಅದು. ನೆಂಟರು, ಮದುವೆ, ಜ್ವರ, ಆಡಿಟ್ ಎಲ್ಲರ ಮನೆಯಲ್ಲೂ ಇರುತ್ತವೆ. ಇವು ಬರುವುದೇ ಇಲ್ಲ ಅಂದುಕೊಂಡು ಮಾಡಿದ ಪಟ್ಟಿ ಬರೀ ಆಸೆಯ ಪಟ್ಟಿ.

ಆ ಪಟ್ಟಿಯ ವಿಷಯಕ್ಕೇ ಬರೋಣ. ಲಂಡನ್ನಿನವರು ಹಿಡಿದದ್ದು ಒಂದು ಕೆಲಸ, ನೀವು ಹಿಡಿದದ್ದು ಐದು. ಐದು ಗಂಟೆಗೆ ಏಳುತ್ತೀರಿ ಸರಿ, ಮಲಗುವುದು ಎಷ್ಟಕ್ಕೆ? ಅದನ್ನು ಬರೆದೇ ಇಲ್ಲ. ಮನೆ ಸೇರುವುದು ಒಂಬತ್ತಕ್ಕೆ, ಊಟ, ಟಿವಿ, ಮೊಬೈಲು ಮುಗಿಸಿ ಮಲಗುವುದು ಹನ್ನೆರಡಕ್ಕೆ ಅಂದರೆ ಐದು ಗಂಟೆಯ ಅಲಾರಂ ಗೆಲ್ಲುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕು. ಬೆಳಗಿನ ಜಾವದ ಹೊಗಳಿಕೆ ಈಗ ಸಿಕ್ಕಾಪಟ್ಟೆ ಆಗಿದೆ ಅನ್ನುವುದು ನನ್ನ ಅಭಿಪ್ರಾಯ. ಏಳೂವರೆಗೆ ಓದಿದ ಪುಟವೂ ಪುಟವೇ.

ಸದ್ಯಕ್ಕೆ ಓದನ್ನು ಮಾತ್ರ ಇಟ್ಟುಕೊಳ್ಳಿ. ದಿನಾ ಅದೇ ಬಸ್ಸು, ಹೆಚ್ಚುಕಡಿಮೆ ಅದೇ ಹೊತ್ತು. ರೂಢಿ ಬೆಳೆಯಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ. ಪುಸ್ತಕವನ್ನು ರಾತ್ರಿಯೇ ಊಟದ ಡಬ್ಬಿಯ ಬ್ಯಾಗಿಗೆ ಹಾಕಿ, ಡಬ್ಬಿಯ ಮೇಲೆಯೇ ಕೈಗೆ ಸಿಗುವ ಹಾಗೆ. ಟಿಕೆಟ್ ತಗೊಂಡ ಕೂಡಲೇ ಪುಸ್ತಕ ತೆಗೆಯಬೇಕು, ಫೋನ್ ಅಲ್ಲ. ಎಷ್ಟು ಓದಬೇಕು? ಎರಡು ಪುಟ. ನಗಬೇಡಿ. ಪೀಣ್ಯದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತರೆ ಎರಡು ಹತ್ತಾಗುತ್ತದೆ, ಆದರೆ ಲೆಕ್ಕ ಎರಡರದ್ದೇ ಇರಲಿ. ಸೀಟು ಸಿಗದ ದಿನಕ್ಕೂ ಈಗಲೇ ತೀರ್ಮಾನ ಮಾಡಿಡಿ: 'ಸೀಟು ಸಿಗದಿದ್ದರೆ ಮಧ್ಯಾಹ್ನ ಡಬ್ಬಿ ತೊಳೆದಿಟ್ಟ ಮೇಲೆ ಓದುತ್ತೇನೆ.' ಹೀಗೆ 'ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ಗೊತ್ತು ಮಾಡಿಕೊಂಡವರು ಸುಮ್ನೆ 'ಮಾಡ್ತೀನಿ' ಅಂದವರಿಗಿಂತ ಜಾಸ್ತಿ ಸಲ ಮಾಡಿ ಮುಗಿಸುತ್ತಾರೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಬಹಳ ಕಾಲದಿಂದ ತೋರಿಸುತ್ತಾ ಬಂದಿದ್ದಾರೆ.

ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದ್ದರೆ ಅದರಲ್ಲೇ ಓದಿದ ದಿನಕ್ಕೊಂದು ಟಿಕ್ ಹಾಕಿ. ಖಾಲಿ ಬಿಟ್ಟ ದಿನಕ್ಕೆ ಕೆಂಪು ಗೆರೆ ಗಿರೆ ಬೇಡ. ಎರಡು ದಿನ ಒಟ್ಟಿಗೆ ಖಾಲಿ ಬೀಳದ ಹಾಗೆ ನೋಡಿಕೊಂಡರೆ ಸಾಕು. ವಾಕಿಂಗು, ಧ್ಯಾನ, ಡೈರಿ ಎರಡು ತಿಂಗಳು ಕಾಯಲಿ.

ಪ್ರಶ್ನೆ: ನಾನು ಶಿವಮೊಗ್ಗದ ಗೃಹಿಣಿ, 52 ವರ್ಷ. ಶುಗರ್ ಬಾರ್ಡರ್‌ನಲ್ಲಿದೆ, ದಿನಾ ನಡೆಯಿರಿ ಅಂದಿದ್ದಾರೆ ಡಾಕ್ಟರು. ಐದೂವರೆಗೆ ಎದ್ದು ಬಾಗಿಲು ತೊಳೆದು ರಂಗೋಲಿ ಹಾಕಿ ಒಳಗೆ ಬಂದರೆ ಕಾಫಿ, ತಿಂಡಿ, ಡಬ್ಬಿ, ಅತ್ತೆಯ ಸ್ನಾನ ಅಂತ ಒಂಬತ್ತರವರೆಗೆ ಪುರುಸೊತ್ತಿಲ್ಲ. ಆಮೇಲೆ ಬಿಸಿಲು. ಸಂಜೆಗೆ ಸುಸ್ತು. ಮಳೆಗಾಲದಲ್ಲಂತೂ ಕೇಳಲೇಬೇಡಿ.

ಉತ್ತರ: ದಾರಿ ನಿಮ್ಮ ಪತ್ರದಲ್ಲೇ ಇದೆ ಅಮ್ಮ. 'ಇವತ್ತು ರಂಗೋಲಿ ಹಾಕಲೋ ಬೇಡವೋ' ಎಂದು ನೀವು ಒಂದು ದಿನವೂ ಯೋಚಿಸಿರಲಿಕ್ಕಿಲ್ಲ. ಬಾಗಿಲು ತೊಳೆದ ಕೈ ತಾನಾಗಿ ರಂಗೋಲಿ ಡಬ್ಬಿಗೆ ಹೋಗುತ್ತದೆ. ನಡಿಗೆಯನ್ನು ಅದರ ಬೆನ್ನಿಗೇ ಕಟ್ಟಿ. ಕೊನೆಯ ಎಳೆ ಎಳೆದಾಗ ನೀವು ಹೇಗೂ ಗೇಟಿನ ಹತ್ತಿರವೇ ಇರುತ್ತೀರಿ. ಡಬ್ಬಿಯನ್ನು ಕಾಂಪೌಂಡಿನ ಮೇಲಿಟ್ಟು ಹಾಗೇ ರಸ್ತೆಗೆ ಇಳಿಯಿರಿ. ಒಳಗೆ ಹೋದಿರೋ, ಅಡುಗೆಮನೆ ಬಿಡುವುದಿಲ್ಲ. ಅದಕ್ಕೆ ನಡೆಯಲು ಬೇಕಾದ ಚಪ್ಪಲಿ, ಸ್ವೆಟರ್ ಮೊದಲೇ ಹೊರಗಿರಲಿ. ಮೊದಲ ಎರಡು ವಾರ ಬೀದಿಯ ಆ ತುದಿಗೆ ಹೋಗಿ ಬಂದರೆ ಸಾಕು. ಆಮೇಲೆ ನಿಧಾನಕ್ಕೆ ಅರ್ಧ ಗಂಟೆಗೆ ಏರಿಸಿ. ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಐದು ದಿನ ಅರ್ಧರ್ಧ ಗಂಟೆ.

ಆ ಅರ್ಧ ಗಂಟೆ ಹಾಲು ಯಾರು ಕಾಯಿಸುತ್ತಾರೆ ಅಂತೀರಾ? ಯಜಮಾನರಿಗೆ ಸ್ಟವ್ ಹಚ್ಚಲು ಬರುತ್ತೆ ಅಲ್ವಾ? ಇದನ್ನು ತಮಾಷೆಗೆ ಹೇಳುತ್ತಿಲ್ಲ. ಎಷ್ಟೋ ಮನೆಗಳಲ್ಲಿ ಹೆಂಗಸರ ನಡಿಗೆ ನಿಲ್ಲುವುದು ಸೋಮಾರಿತನದಿಂದಲ್ಲ, ಅವರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕದೇ ಇರುವುದರಿಂದ. ಇವತ್ತೇ ಕೂತು ಮಾತಾಡಿ.

ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಒಂದು ಚೀಟಿಯಲ್ಲಿ ಬರೆದಿಡಿ. 2002ರಲ್ಲಿ ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಮಾಡಿದರು. ವ್ಯಾಯಾಮ ಹೃದಯಕ್ಕೆ ಒಳ್ಳೆಯದು ಎಂದು ಓದಿಕೊಂಡವರಲ್ಲಿ ವ್ಯಾಯಾಮ ಮಾಡಿದವರು ನೂರಕ್ಕೆ 40 ಜನರೂ ಇರಲಿಲ್ಲ. ಅದರ ಜೊತೆ ದಿನ, ಹೊತ್ತು, ಜಾಗ ಬರೆದುಕೊಂಡವರಲ್ಲಿ ನೂರಕ್ಕೆ 91 ಜನ ಮಾಡಿದರು. ಅದು ಒಂದೇ ವಾರದ ಲೆಕ್ಕ, ವರ್ಷದ್ದಲ್ಲ. ಆದರೂ ಒಂದು ಚೀಟಿಗೆ ಏನು ಖರ್ಚು?

ಮಳೆಗಾಲಕ್ಕೆ ಬೇರೆ ಚೀಟಿ. ಮಳೆ ಹಿಡಿದರೆ ತಿಂಡಿ ಆದ ಮೇಲೆ ಹತ್ತು ನಿಮಿಷ, ಎರಡು ಊಟದ ಮೇಲೂ ಹತ್ತತ್ತು ನಿಮಿಷ ನಡುಮನೆಯಿಂದ ಜಗುಲಿಗೆ, ಜಗುಲಿಯಿಂದ ನಡುಮನೆಗೆ ನಡೆಯಿರಿ. ತಿಂದ ಮೇಲೆ ಏರುವ ಶುಗರ್‌ಗೆ ಇದು ಒಳ್ಳೆಯದೇ. ಮಂಡಿ ನೋವಿದ್ದರೆ ಡಾಕ್ಟರನ್ನು ಕೇಳಿ ಶುರು ಮಾಡಿ.

ಪ್ರಶ್ನೆ: ಧಾರವಾಡದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಪ್ರಚಲಿತ ವಿದ್ಯಮಾನ ನೋಡೋಣ ಅಂತ ಮೊಬೈಲ್ ತೆಗೆದರೆ ರೀಲ್ಸ್‌ನಲ್ಲಿ ಒಂದು ತಾಸು ಹೋಗುತ್ತದೆ. ಅದರಲ್ಲಿ ಖುಷಿಯೂ ಇಲ್ಲ. ಬಿಡುವುದು ಹೇಗೆ?

ಉತ್ತರ: ಖುಷಿ ಇಲ್ಲದಿದ್ದರೂ ಕೈ ಹೋಗುತ್ತದೆ, ಅದೇ ರೂಢಿಯ ಗುಣ. ಅಮೆರಿಕದಲ್ಲಿ ಸಿನಿಮಾಕ್ಕೆ ಬಂದವರಿಗೆ ವಾರದ ಹಿಂದಿನ, ಮೆತ್ತಗಾದ ಪಾಪ್‌ಕಾರ್ನ್ ಕೊಟ್ಟು ನೋಡಿದರು. ಸಿನಿಮಾದಲ್ಲಿ ಪಾಪ್‌ಕಾರ್ನ್ ತಿಂದು ರೂಢಿ ಇದ್ದವರು ಬಿಸಿಯದನ್ನು ತಿಂದಷ್ಟೇ ಅದನ್ನೂ ತಿಂದರು. ಬೇರೆ ಕೋಣೆಯಲ್ಲಿ ಕೂರಿಸಿದಾಗ ಹಾಗಾಗಲಿಲ್ಲ. ರೂಢಿಯಿಲ್ಲದ ಕೈಯಿಂದ ತಿನ್ನಿ ಅಂದಾಗಲೂ ಹಳೆಯದು ಹಳೆಯದು ಎಂದು ಗೊತ್ತಾಯಿತು.

ಆದ್ದರಿಂದ ಆಣೆ ಪ್ರಮಾಣ ಬೇಡ, ಜಾಗ ಬದಲಿಸಿ. ಓದುವ ಟೇಬಲ್ ಮೇಲೆ ಫೋನ್ ಇರಲೇಬಾರದು. ಚಾರ್ಜರ್ ಅನ್ನು ರೂಮಿನ ಆ ಮೂಲೆಗೆ ಸಾಗಿಸಿ. ರೀಲ್ಸ್ ಆ್ಯಪ್‌ನಿಂದ ಪ್ರತಿ ಸಲ ಲಾಗ್‌ಔಟ್ ಆಗಿ, ಪಾಸ್‌ವರ್ಡ್ ಹೊಡೆಯುವ ಬೇಜಾರಿಗೇ ಅರ್ಧ ಸಲ ತಪ್ಪುತ್ತದೆ. ಪ್ರಚಲಿತ ವಿದ್ಯಮಾನಕ್ಕೆ ಪೇಪರ್ ಹಾಕಿಸಿಕೊಳ್ಳಿ, ರೂಮಿನವರೆಲ್ಲ ಸೇರಿ ಹಂಚಿಕೊಂಡರೆ ತಿಂಗಳ ಬಿಲ್ಲು ಒಬ್ಬರಿಗೆ ಹೆಚ್ಚೇನೂ ಬೀಳುವುದಿಲ್ಲ.