ನ್ಯೂಟ್ ಉಳಿಸೋಕೆ ಸಣ್ಣ ಹೊಂಡ ಯಾಕೆ ತೋಡ್ತಾರೆ? ದೊಡ್ಡ ಕೆರೆ ಸಾಲದಾ?

ಸಾಲದು. ಕಾರಣ ಮೀನು. ನ್ಯೂಟ್ ಅಂದರೆ ಬಾಲವಿರುವ, ಕಪ್ಪೆಯ ದೂರದ ಬಂಧು. ಬ್ರಿಟನ್ನಿನ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ನೀರುಗಿಡದ ಎಲೆ ಮಡಚಿ ಒಂದೊಂದೇ ಮೊಟ್ಟೆ ಇಡುತ್ತದೆ. ಮರಿಗಳು ಬಯಲು ನೀರಲ್ಲೇ ಈಜಾಡುತ್ತವೆ, ಮೀನಿಗೆ ಸುಲಭವಾಗಿ ಸಿಗುತ್ತವೆ. ಆಗೊಮ್ಮೆ ಈಗೊಮ್ಮೆ ಬತ್ತುವ ಹೊಂಡದಲ್ಲಿ ಮೀನು ನಿಲ್ಲುವುದಿಲ್ಲ. ಆ ವರ್ಷದ ಮರಿಗಳು ಹೋದರೂ ದೊಡ್ಡವು ಉಳಿಯುತ್ತವೆ, ಅವು ವರ್ಷದ ಬಹುಪಾಲು ನೆಲದ ಮೇಲೇ ಇರುತ್ತವಲ್ವಾ! ಅದಕ್ಕೇ ಹತ್ತಿರ ಹತ್ತಿರ ನಾಲ್ಕಾರು ಹೊಂಡ ಬೇಕು, ಸುತ್ತ ಹುಲ್ಲು, ಬೇಲಿ, ಬಿದ್ದ ಮರದ ದಿಮ್ಮಿಯೂ ಬೇಕು.

ಈ ಪ್ರಶ್ನೆ ಕೇಳಿದ ನೀವು ಚಿತ್ರದುರ್ಗದವರು. ನಮ್ಮ ಕಡೆ ನ್ಯೂಟ್ ಇಲ್ಲ. ಆದರೆ ಚಳ್ಳಕೆರೆ ಕಡೆಯ ಗೋಕಟ್ಟೆಗಳು ಕಪ್ಪೆಗಳಿಗೆ ಇದೇ ಆಸರೆ. ಹೂಳೆತ್ತುವಾಗ ಅಂಚು ಇಳಿಜಾರಾಗಿರಲಿ. ದಯವಿಟ್ಟು ಮೀನುಮರಿ ಬಿಡಬೇಡಿ.