ಕುಬಸದ ಮನೆಯಲ್ಲಿ ವಯಸ್ಸು ಕೇಳುವ ಮುಂಚೆ

ಹದಿನಾರರ ಹುಡುಗಿ ಬಸುರಿ ಅಂತ ಗೊತ್ತಾದ ಮೇಲೂ ಊರಿನವರು ಸುಮ್ನೆ ಇರ್ತೀರಾ ಅಂತ ಕೇಳಿದ್ದೀರಿ. ಸುಮ್ನೆ ಇರಲ್ಲ. ಹಾಗಂತ ಬಾಗಿಲಿಗೆ ಪೊಲೀಸ್ ಜೀಪೂ ತರಿಸಲ್ಲ.

ನಮ್ಮದು ಅಥಣಿ ತಾಲೂಕಿನ ಅಂಚು. ಆಚೆಗೆ ಮಹಾರಾಷ್ಟ್ರದ ಜತ್ತ ತಾಲೂಕು. ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ, ಹೆಣ್ಣು ಕೊಟ್ಟು ತರುವುದೂ ನಡೆದೇ ಇದೆ. ಚೊಚ್ಚಲ ಹೆರಿಗೆ ತವರಲ್ಲಿ. ಏಳನೇ ತಿಂಗಳಿಗೆ ಕುಬಸ, ಅಂದರೆ ಸೀಮಂತ, ಮಾಡಿ ಕರೆತರುತ್ತಾರೆ. ಅತ್ತ ಆಸ್ಪತ್ರೆಯಲ್ಲಿ ಹೆಸರು ಬರೆಸಿರುವುದಿಲ್ಲ, ಇತ್ತ ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಇರುವುದಿಲ್ಲ. ನಮಗೆ ಸುದ್ದಿ ಮುಟ್ಟುವಾಗ ಹುಡುಗಿ ಹಸಿರು ಬಳೆ ತೊಟ್ಟು ಕೂತಿರುತ್ತಾಳೆ.

ಇಷ್ಟು ಬೇಗ ಮದುವೆ ಯಾಕೆ ಅಂದರೆ ಎಲ್ಲರೂ ಸಂಪ್ರದಾಯ ಅಂತಾರೆ. ಕಬ್ಬಿನ ಲೆಕ್ಕ ಯಾರೂ ಹೇಳಲ್ಲ. ಕಬ್ಬು ಕಡಿಯುವ ಕೆಲಸದಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ‘ಕೊಯ್ತಾ’, ಅಂದರೆ ಒಂದು ಕುಡುಗೋಲು. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಮುಂಗಡ ಕೊಡುವುದು ಜೋಡಿಯ ಲೆಕ್ಕದಲ್ಲಿ. ಒಂಟಿ ಹುಡುಗನಿಗೆ ಅಷ್ಟು ಸಿಗಲ್ಲ. ಇನ್ನು ಹುಡುಗಿಯ ಅಪ್ಪ ಅವ್ವನೂ ದಸರಾ ಕಳೆದು ಗ್ಯಾಂಗಿನ ಜೊತೆ ಹೊರಟರೆ, ಬೆಳೆದ ಮಗಳನ್ನು ಯಾರ ಮನೆಯಲ್ಲಿ ಬಿಡಬೇಕು?

ಕಾನೂನಿಗೂ ಗಡಿ ಇದೆ. ಕರ್ನಾಟಕದ 2016ರ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಆ ಕಡೆ ಹುಡುಗಿಯೋ ಹುಡುಗನೋ ಕೋರ್ಟಿಗೆ ಹೋದರೆ ಮಾತ್ರ ರದ್ದು. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪೋಕ್ಸೋ ಕಾಯ್ದೆ ಮಾತ್ರ ಎರಡೂ ಕಡೆ ಒಂದೇ. ಹದಿನೆಂಟರೊಳಗಿನ ಬಸುರಿ ಕಂಡರೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅವರಿಗೇ ಶಿಕ್ಷೆ. ಅಳಿಯ ಜೈಲಿಗೆ ಹೋದಾನು ಅಂತ ಮನೆಯವರು ಆಸ್ಪತ್ರೆಯನ್ನೇ ತಪ್ಪಿಸುತ್ತಾರೆ.

ಮೊದಮೊದಲು ನಾನು ಈ ಮಾತು ಮುಚ್ಚಿಟ್ಟು ಒಬ್ಬಳನ್ನು ತಪಾಸಣೆಗೆ ಕರೆದೊಯ್ದಿದ್ದೆ. ಆಮೇಲೆ ಆ ಓಣಿಯಲ್ಲಿ ಒಂದು ಬಾಗಿಲೂ ನನಗೆ ತೆರೆಯಲಿಲ್ಲ. ತಪ್ಪು ನನ್ನದೇ.

ಹೋದ ವರ್ಷ ಇನ್ನೊಂದು ಮನೆ. ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ, ನಾನು ಕಟ್ಟೆ ಮೇಲೆ ಕೂತೆವು. ಅವ್ವ ಜೋಳ ಹಸನು ಮಾಡುತ್ತಿದ್ದಳು. ನಾವು ಕೇಳುವ ಮುಂಚೆಯೇ, “ಹದ್ನೆಂಟ ತುಂಬ್ಯಾವ್ರಿ ಅಕ್ಕಾರ” ಅಂದಳು. ನಾನು ವಯಸ್ಸಿನ ತಂಟೆಗೆ ಹೋಗಲಿಲ್ಲ, ಒಂದು ಮೊರ ಜೋಳ ನನ್ನ ಕಡೆ ಎಳೆದುಕೊಂಡೆ. ಹುಡುಗಿ ಕಾಲು ಚಾಚಿ ಕೂತಿದ್ದಳು. ಕಾಲುಂಗುರ ಬೆರಳಿನ ಬಾವಿನಲ್ಲಿ ಹೂತುಹೋಗಿತ್ತು. ಬಿಪಿ ಇರಬಹುದು ಅನ್ನಿಸಿತು. ಎಳೆ ವಯಸ್ಸಿನ ಚೊಚ್ಚಲಿಗೆ ಆ ಭಯ ಜಾಸ್ತಿ.

“ಆಯಿ, ಉಂಗುರ ನೋಡ್ರಿ” ಅಂತ ಹುಡುಗಿಯ ಅಜ್ಜಿಗೆ ಅಂದೆ, ಅಷ್ಟೇ. ತೆಗೆಯಿರಿ ಅನ್ನಲಿಲ್ಲ. ಮುತ್ತೈದೆಯ ಕಾಲುಂಗುರ ತೆಗೆಸಲು ನಾನ್ಯಾರು? ಅಜ್ಜಿ ಎದ್ದು ಎಣ್ಣೆ ತಂದಳು. ಹಚ್ಚಿ ಹಚ್ಚಿ ಜಾರಿಸಿ, ಉಂಗುರವನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡಳು. “ಹೆತ್ತ ಮ್ಯಾಲ ನಾನ ಹಾಕತೀನಿ. ನಡೀರಿ ದವಾಖಾನಿಗೆ” ಅಂದಳು.

ಆಟೋ ಹತ್ತುವ ಮುಂಚೆ ಎಲ್ಲ ಹೇಳಿದೆ: ಅಲ್ಲಿ ವಯಸ್ಸು ಕೇಳ್ತಾರೆ, ಪೊಲೀಸರಿಗೆ ತಿಳಿಸ್ತಾರೆ, ಮಕ್ಕಳ ಕಲ್ಯಾಣ ಸಮಿತಿಯವರು ಮಾತಾಡಿಸಬಹುದು. ಆದರೆ ಚಿಕಿತ್ಸೆ ಇಲ್ಲ ಅನ್ನುವ ಹಾಗಿಲ್ಲ. ಅವ್ವ ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಮಾತ್ರ ನನ್ನ ಕೈ ಹಿಡಿದಳು. “ಹೊರಗ ನಿಂದ್ರಬ್ಯಾಡ್ರಿ, ನೀವೂ ಒಳಗ ಬರ್ರಿ” ಅಂದಳು.